ಕಾವಿಮಣ್ಣಿನ ಕಣವೂ ಕಾವಿನ ಪರಿಣಾಮವೂ

ಕಾವಿಯೆಂಬುದು ಬಣ್ಣದ ಹೆಸರೂ ಹೌದು, ಮಣ್ಣಿನ ಹೆಸರೂ ಹೌದು. ಸಂಸ್ಕೃತದಲ್ಲಿ ಇದನ್ನು ಗೈರಿಕವೆನ್ನುವರು. ಗಿರಿಯಲ್ಲಿ ಹುಟ್ಟಿದ್ದೆಂಬುದು ಆ ಶಬ್ದದ ವ್ಯುತ್ಪತ್ತಿ. ವಿರಕ್ತರ ವಸ್ತ್ರಕ್ಕೆ ಹೆಸರನ್ನಿತ್ತ ಈ ಮಣ್ಣಿಗೆ ಕೆಂಪನ್ನು ಕೊಡುವ ದ್ರವ್ಯವು ಕಬ್ಬಿಣವೂ ಆಮ್ಲಜನಕವೂ ಕೂಡಿ ಆದ ಹೆಮಟೈಟ್. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಮ್ಮಣ್ಣಿನ ಹೊಲಗಳ ಬಣ್ಣಕ್ಕೂ ಕಬ್ಬಿಣದ ಇಂತಹ ಸಂಯುಕ್ತಗಳೇ ಕಾರಣ. ಲೋಹವು ಆಮ್ಲಜನಕದೊಡನೆ ಕೂಡಿ ಆಗುವ ವಸ್ತುಗಳನ್ನು ಲೋಹದ ಆಕ್ಸೈಡುಗಳೆಂದು ಕರೆಯುತ್ತಾರೆ. ಇವುಗಳ ಅತಿಸೂಕ್ಷ್ಮ ಕಣಗಳಿಗೆ ಕಾವು ತಗುಲಿದಾಗ ಆಗುವ ಮಾರ್ಪಾಡನ್ನು ವಿಜ್ಞಾನಿಗಳು ಇಂದು ಪ್ರತ್ಯಕ್ಷವಾಗಿ ಕಾಣಬಲ್ಲವರಾಗಿದ್ದಾರೆ.

ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರು. ಗ್ರೀಕ್ ಭಾಷೆಯಲ್ಲಿ ಕುಬ್ಜನೆಂಬ ಅರ್ಥವುಳ್ಳ ಪದದಿಂದ ನ್ಯಾನೊ ಎಂಬ ಮಾತು ಬಂದಿದೆ. ಕಣವು ಕುಬ್ಜವಾದರೂ ಅದರ ಮಹಿಮೆ ಕುಬ್ಜವಲ್ಲ. ಒಂದು ಸೆಂಟಿಮೀಟರು ಉದ್ದಗಲ ಎತ್ತರಗಳ ಘನವೊಂದಕ್ಕೆ ಇರುವ ಮೈ ಕೇವಲ 6 ಚದರ ಸೆಂಟಿಮೀಟರು. ಅದನ್ನೇ ಒಂದೊಂದು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಅವುಗಳ ಒಟ್ಟು ಮೈ 6,000 ಚದರ ಮೀಟರು, ಅಂದರೆ ಸುಮಾರು ಒಂದೂವರೆ ಎಕರೆ! ರಾಸಾಯನಿಕ ಕ್ರಿಯೆಗಳು ವಸ್ತುವಿನ ಹೊರಮೈಯಲ್ಲಿ ನಡೆಯುವುದರಿಂದ, ಕಣ ಕಿರಿದಾದಷ್ಟೂ ಅದರ ಶಕ್ತಿ ಹಿರಿದಾಗುತ್ತದೆ.

ಇಷ್ಟು ಸಣ್ಣ ಕಣವನ್ನು ನೋಡುವುದೆಂತು? ಬೆಳಕಿನ ಅಲೆಯ ಉದ್ದವೇ 400ರಿಂದ 700 ನ್ಯಾನೊಮೀಟರುಗಳಷ್ಟಿರುವುದರಿಂದ ಸಾಮಾನ್ಯ ಸೂಕ್ಷ್ಮದರ್ಶಕವು ಇಲ್ಲಿ ಕುರುಡು. 1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ನೋಲ್ ಎಂಬವರು ಬೆಳಕಿಗೆ ಬದಲಾಗಿ ಇಲೆಕ್ಟ್ರಾನುಗಳನ್ನು ಬಳಸುವ ಸೂಕ್ಷ್ಮದರ್ಶಕವನ್ನು ರಚಿಸಿದರು. ರುಸ್ಕರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈಗ ಆ ಯಂತ್ರದೊಳಗೇ ಪುಟ್ಟ ಒಲೆಯೊಂದನ್ನು ಅಳವಡಿಸಿ, ಕಣವನ್ನು ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸುತ್ತ ನೋಡಬಹುದು. ಹುಣಸೂರು, ಪಿರಿಯಾಪಟ್ಟಣಗಳ ಬ್ಯಾರನ್ನುಗಳಲ್ಲಿ ಹೊಗೆಸೊಪ್ಪನ್ನು ಹದಗೊಳಿಸುವ ರೈತರು ಕಾವನ್ನು ಹಂತಹಂತವಾಗಿ ಏರಿಸುವಂತೆಯೇ ಇಲ್ಲಿಯೂ ಹಂತಹಂತವಾಗಿ ಏರಿಸಿ, ಪ್ರತಿಹಂತದ ಚಿತ್ರವನ್ನು ಪಡೆಯುತ್ತಾರೆ.

ಹಾಗೆ ಕಂಡ ಸಂಗತಿಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ರೂಪಾಂತರ. ಹಳದಿ ಮಣ್ಣಿನಲ್ಲಿರುವ ಗೋಥೈಟ್ ಎಂಬ ಕಬ್ಬಿಣದ ಸಂಯುಕ್ತವು ಸುಮಾರು 250ರಿಂದ 300 ಡಿಗ್ರಿಗಳಲ್ಲಿ ತನ್ನೊಳಗಿನ ನೀರಿನಂಶವನ್ನು ಬಿಟ್ಟುಕೊಟ್ಟು ಕೆಂಪಾದ ಹೆಮಟೈಟ್ ಆಗುತ್ತದೆ. ನೀರು ಹೊರಟ ಜಾಡಿನಲ್ಲಿ ಕಣದ ಮೈಯೊಳಗೆ ಸೀಳುಗಂಡಿಗಳು ಕಾಣಿಸಿಕೊಳ್ಳುತ್ತವೆ. ಎರಡನೆಯದು ಸಂಯೋಗ. ಕಾವು ಇನ್ನೂ ಏರಿದರೆ ನೆರೆಹೊರೆಯ ಕಣಗಳ ನಡುವೆ ಕೊರಳಿನಂತಹ ಬೆಸುಗೆ ಮೂಡಿ ಅವು ಒಂದಾಗುತ್ತವೆ. ಕೆಸುವಿನ ಎಲೆಯ ಮೇಲಿನ ಹನಿಗಳು ಕೂಡುವಂತೆ ಇವೂ ಕೂಡುತ್ತವೆ. ಆದರೆ ಕರಗಿ ಅಲ್ಲ, ಘನರೂಪದಲ್ಲಿದ್ದುಕೊಂಡೇ. ಕೆಲವೆಡೆ ಕಿರಿಯ ಕಣ ಕ್ಷಯಿಸಿ, ಅದರ ಪರಮಾಣುಗಳಿಂದ ಹಿರಿಯ ಕಣ ಬೆಳೆಯುವುದೂ ಉಂಟು.

ಈ ಸಂಯೋಗವು ಗುಣವೋ ದೋಷವೋ? ಕುಂಬಾರನಿಗೆ ಇದು ಗುಣ. ಹಸಿಯ ಮಡಕೆಯು ನೀರಿಗೆ ಕರಗಿಹೋಗುತ್ತದೆ. ಆವಿಗೆಯಲ್ಲಿ ಬೆಂದ ಮಡಕೆಯ ಕಣಗಳು ಬೆಸೆದುಕೊಂಡಿರುವುದರಿಂದ ಅದು ನೀರನ್ನು ಹಿಡಿದಿಡಬಲ್ಲದು. ಶರಣ ಕುಂಬಾರ ಗುಂಡಯ್ಯನವರ ಕಾಯಕವೂ, ಕೃಷ್ಣರಾಜನಗರದಿಂದ ಹೆಗ್ಗಡದೇವನಕೋಟೆಯವರೆಗಿನ ಊರುಗಳ ಹೆಂಚಿನ ಮಾಡುಗಳೂ ನಿಂತಿರುವುದು ಈ ತತ್ತ್ವದ ಮೇಲೆಯೇ. ಆದರೆ ಮೋಟಾರು ವಾಹನಗಳ ವಿಷಹೊಗೆಯನ್ನು ಶುದ್ಧಿಗೊಳಿಸುವ ಸಾಧನದಲ್ಲಿ ಇದೇ ದೋಷ. ಅಲ್ಲಿ ಬಿಸಿಯುಂಡ ಕಣಗಳು ಒಂದಾದರೆ ಒಂದೂವರೆ ಎಕರೆಯ ಮೈಯು ಮತ್ತೆ ಕುಗ್ಗುತ್ತದೆ, ಸಾಧನವು ನಿರ್ವೀರ್ಯವಾಗುತ್ತದೆ, ಹೊಗೆಯು ಶುದ್ಧಿಯಾಗದೆ ಜನರ ಉಸಿರನ್ನು ಸೇರುತ್ತದೆ. ಯಾವ ಕಾವಿನಲ್ಲಿ ಕಣಗಳು ಕೂಡುತ್ತವೆಂಬುದನ್ನು ಅರಿಯುವ ಅಗತ್ಯವಿರುವುದು ಇದಕ್ಕಾಗಿಯೇ.

ಕಾವನ್ನು ಹತೋಟಿಯಲ್ಲಿಟ್ಟು ಸೂಕ್ಷ್ಮತೆಯನ್ನು ಕಾಯ್ದುಕೊಳ್ಳುವ ಮಾರ್ಗಕ್ಕೆ ಕನ್ನಡನಾಡಿನ ಕಾಣಿಕೆಯೂ ಸಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಕೆ. ಸಿ. ಪಾಟೀಲರು ತಮ್ಮ ಸಹೋದ್ಯೋಗಿಯೊಡನೆ 1988ರಲ್ಲಿ ದಹನವಿಧಾನವೊಂದನ್ನು ಪ್ರಕಟಿಸಿದರು. ಅಲ್ಯುಮಿನಿಯಂ ನೈಟ್ರೇಟನ್ನೂ ಯೂರಿಯವನ್ನೂ ನೀರಿನಲ್ಲಿ ಕದಡಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ, ಮಿಶ್ರಣವು ಕುದಿದು, ನೊರೆಯುಬ್ಬಿ, ತಾನೇ ಉರಿದು, ಕೆಲವೇ ನಿಮಿಷಗಳಲ್ಲಿ ನಯವಾದ ಆಕ್ಸೈಡಿನ ಪುಡಿಯಾಗುತ್ತದೆ. ಹೊಲಕ್ಕೆ ಎರಚುವ ಯೂರಿಯವೇ ಇಲ್ಲಿ ಇಂಧನ. ಉರಿಯು ಕ್ಷಣಿಕವಾದ್ದರಿಂದಲೂ, ಹೊಮ್ಮುವ ಅನಿಲಗಳು ಕಣಗಳನ್ನು ಚೆದರಿಸುವುದರಿಂದಲೂ ಅವು ಹೆಚ್ಚಾಗಿ ಬೆಸೆದುಕೊಳ್ಳುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ನೋಡುವುದಕ್ಕೆಂದು ಹಾಯಿಸಿದ ಇಲೆಕ್ಟ್ರಾನುಗಳೇ ಕೆಲವೊಮ್ಮೆ ಕಣವನ್ನು ಮಾರ್ಪಡಿಸುತ್ತವೆ. ಯಂತ್ರದೊಳಗಿನ ನಿರ್ವಾತವೂ ಆಕ್ಸೈಡಿನಿಂದ ಆಮ್ಲಜನಕವನ್ನು ಸೆಳೆಯಬಲ್ಲದು. ಆದಕಾರಣ ವಿವೇಕಿಗಳು ಇಲೆಕ್ಟ್ರಾನುಗಳನ್ನು ತಡೆಹಿಡಿದು ಕಾಯಿಸಿದ ಕಣವನ್ನೂ, ಹೊರಗಿನ ಕುಲುಮೆಯಲ್ಲಿ ಕಾಯಿಸಿದ ಕಣವನ್ನೂ ಹೋಲಿಸಿದ ನಂತರವೇ ನಿರ್ಣಯಕ್ಕೆ ಬರುತ್ತಾರೆ. ಕಂಡದ್ದನ್ನೂ ಪರೀಕ್ಷಿಸಿ ಒಪ್ಪುವ ಈ ಸಂಯಮವೇ ವಿಜ್ಞಾನದ ಶೀಲ. ವಿದ್ಯಾರ್ಥಿಗಳು ಕಾಲ್ದೆಸೆಯ ಕೆಮ್ಮಣ್ಣನ್ನು ಕಂಡಾಗಲೆಲ್ಲ ಈ ಶೀಲವನ್ನು ನೆನೆದರೆ ಅವರ ವ್ಯಾಸಂಗವು ಸಾರ್ಥಕವಾದೀತು.