ಎಲೆಯ ಹಸಿರು, ಎಲೆಯ ಹಳದಿ

ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವವರು ರಸ್ತೆಯ ಇಕ್ಕೆಲದ ಮೆಕ್ಕೆಜೋಳವನ್ನು ಗಮನಿಸಬೇಕು. ದಿಬ್ಬದ ಮೇಲಿನ ಪೈರು ಕಡುಹಸಿರು; ನೀರು ನಿಂತ ತಗ್ಗಿನದು ಬಿಳಿಚಿದ ಹಳದಿ. ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬನು ಅಂಥ ಹಳದಿ ಎಲೆಯೊಂದನ್ನು ಪುಸ್ತಕದೊಳಗಿಟ್ಟು ತಂದು, “ಸಾರ್, ನಮ್ಮಪ್ಪ ಇನ್ನೊಂದು ಚೀಲ ಯೂರಿಯಾ ಹಾಕಬೇಕೆನ್ನುತ್ತಾರೆ. ಹಾಕಬಹುದೆ?” ಎಂದು ಕೇಳಿದನು. ಇದು ಭೌತಶಾಸ್ತ್ರದ ಅಧ್ಯಾಪಕನನ್ನು ಕೇಳುವ ಪ್ರಶ್ನೆಯಲ್ಲ. ಆದರೂ ಬಣ್ಣದ ಮಾತು ಬೆಳಕಿನ ಮಾತೇ ಆದುದರಿಂದ ನಾನು ನುಣುಚಿಕೊಳ್ಳುವಂತಿರಲಿಲ್ಲ.

ಹಸಿರಿಗೆ ಕಾರಣವಾದ ವಸ್ತು ಪತ್ರಹರಿತ್ತು. 1817ರಲ್ಲಿ ಪೆಲ್ಲೆಟಿಯೇ ಮತ್ತು ಕವೆಂಟೂ ಎಂಬ ಫ್ರೆಂಚ್ ರಸಾಯನಜ್ಞರು ಇದನ್ನು ಎಲೆಯಿಂದ ಬೇರ್ಪಡಿಸಿದರು. ಕ್ಲೋರೊಫಿಲ್ ಎಂಬ ಹೆಸರೂ ಅವರಿತ್ತದ್ದೇ. ಸೂರ್ಯನ ಬೆಳಕಿನಲ್ಲಿ ನೀಲಿಯನ್ನೂ ಕೆಂಪನ್ನೂ ಇದು ಬಲವಾಗಿ ಹೀರುತ್ತದೆ. ಹಸಿರನ್ನೂ ಎಲೆ ಸಾಕಷ್ಟು ಹೀರಿಕೊಳ್ಳುತ್ತದೆ. ಆದರೆ ಉಳಿದವುಗಳಿಗಿಂತ ಕಡಿಮೆ. ಹೀಗೆ ಮಿಕ್ಕುಳಿದದ್ದು ನಮ್ಮ ಕಣ್ಣಿಗೆ ಬೀಳುತ್ತದೆ. ಎಂದರೆ, ನಾವು ಮೆಚ್ಚುವ ಪೈರಿನ ಬಣ್ಣ ಪೈರು ಉಂಡು ಬಿಟ್ಟ ಎಂಜಲು!

ಓದುಗರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಎಳೆಯ ಸೊಪ್ಪನ್ನು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿರಿ. ಹತ್ತಿರ ಬೆಂಕಿ ಇರಕೂಡದು. ಗಾಜಿನ ಬಟ್ಟಲಿನಲ್ಲಿ ಆ ರಸವನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಹಸಿರು. ಕತ್ತಲ ಕೋಣೆಯಲ್ಲಿ ಪ್ರಖರವಾದ ಟಾರ್ಚನ್ನು ಬಿಟ್ಟು ಪಕ್ಕದಿಂದ ನೋಡಿದರೆ ರಕ್ತದಂಥ ಕೆಂಪು! ಡೇವಿಡ್ ಬ್ರೂಸ್ಟರನು 1830ರ ದಶಕದಲ್ಲಿ ಕಂಡ ಈ ವಿದ್ಯಮಾನಕ್ಕೆ ಪ್ರತಿದೀಪ್ತಿ ಎಂದು ಹೆಸರು. ಹೀರಿದ ಶಕ್ತಿಯನ್ನು ಅಣು ಇಟ್ಟುಕೊಳ್ಳಲಾರದು. ಜೀವಂತ ಎಲೆಯಲ್ಲಾದರೆ ಅದು ನೆರೆಯ ಅಣುವಿಗೆ, ಅಲ್ಲಿಂದ ಮುಂದಿನದಕ್ಕೆ ಸಾಗಿ ಸಕ್ಕರೆ ಕಟ್ಟುವ ಕಾರ್ಯಕ್ಕೆ ಒದಗುತ್ತದೆ. ಸ್ಪಿರಿಟ್‌ನಲ್ಲಿ ಆ ಸಾಲು ಕಡಿದಿರುತ್ತದೆ. ಶಕ್ತಿಯ ಒಂದು ಪಾಲು ಕೆಂಪು ಬೆಳಕಾಗಿ ಹೊರಬೀಳುತ್ತದೆ. ಹೊಲದ ಎಲೆಯಿಂದಲೂ ಈ ಕೆಂಪು ಅತ್ಯಲ್ಪವಾಗಿ ಸೂಸುತ್ತಿರುತ್ತದೆ. ಕಣ್ಣಿಗೆ ಕಾಣದ ಅದನ್ನು ಇಂದು ಉಪಗ್ರಹಗಳು ಅಳೆಯುತ್ತವೆ.

ಇನ್ನು ಯೂರಿಯಾದ ಮಾತು. ಪತ್ರಹರಿತ್ತಿನ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು, ಅದನ್ನು ಸುತ್ತುವರಿದು ನಾಲ್ಕು ಸಾರಜನಕ ಪರಮಾಣುಗಳಿವೆ. ಅಣುವನ್ನು ಹಿಡಿದಿಡುವ ಪ್ರೋಟೀನುಗಳಿಗಂತೂ ಸಾರಜನಕ ಇನ್ನೂ ಹೆಚ್ಚು ಬೇಕು. ಅದು ಸಾಲದಾದಾಗ ಗಿಡ ಹಳೆಯ ಎಲೆಯನ್ನು ಕಳಚಿ ಎಳೆಯದಕ್ಕೆ ಉಣಿಸುತ್ತದೆ. ಆದ್ದರಿಂದ ಮೆಕ್ಕೆಜೋಳದ ಕೆಳಗಿನ ಎಲೆಗಳೇ ಮೊದಲು ತುದಿಯಿಂದ ನಡುದಿಂಡಿನ ಗುಂಟ ಹಳದಿಯಾಗುತ್ತವೆ. ಕಬ್ಬಿಣ ಹಾಗಲ್ಲ, ಒಮ್ಮೆ ಹಳೆಯ ಎಲೆ ಸೇರಿದರೆ ಸುಲಭವಾಗಿ ಕದಲದು. ಪತ್ರಹರಿತ್ತಿನಲ್ಲಿ ಕಬ್ಬಿಣವಿಲ್ಲದಿದ್ದರೂ ಅದನ್ನು ತಯಾರಿಸಲು ಕಬ್ಬಿಣ ಬೇಕು. ಜಗಳೂರಿನ ಕಡೆ ಸುಣ್ಣದಂಶ ಹೆಚ್ಚಿದ ನೆಲದಲ್ಲಿ ಶೇಂಗಾ ಗಿಡದ ಕುಡಿ ಎಲೆಯೇ ನರಗಳ ನಡುವೆ ಹಳದಿಯಾದರೆ ಸಂಶಯ ಕಬ್ಬಿಣದ ಮೇಲೆ. ಅಲ್ಲಿ ಬೇಕಾದುದು ಅನ್ನಭೇದಿಯ ಸಿಂಪಡಣೆ. ಯೂರಿಯಾ ಸುರಿದರೆ ಹಣ ದಂಡ.

ಕಡುಹಸಿರೆಲ್ಲ ಗೊಬ್ಬರದ ಗುಣವೂ ಅಲ್ಲ. ಚನ್ನಗಿರಿಯ ಅಡಿಕೆ ತೋಟದಲ್ಲಿ ನೆರಳಿಗೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡಿರಿ: ಬೆಳಕು ಕಡಿಮೆಯಾದಲ್ಲಿ ಅದನ್ನು ಹಿಡಿಯುವ ಸಿದ್ಧತೆ ಹೆಚ್ಚು. ಇತ್ತ ಭತ್ತಕ್ಕೆ ಅತಿಯಾಗಿ ಯೂರಿಯಾ ಕೊಟ್ಟರೆ ಗದ್ದೆ ನೋಡಲು ಚೆಂದ. ಪೈರು ಬಾಗಿ ಬೀಳುತ್ತದೆ, ಕೀಟ ಮುತ್ತುತ್ತದೆ. ಭತ್ತದ ರೈತರಿಗಾಗಿ ಹಸಿರಿನ ಛಾಯೆಗಳ ಎಲೆಬಣ್ಣದ ಪಟ್ಟಿಯೊಂದಿದೆ. ಎಲೆಯನ್ನು ಅದರ ಪಕ್ಕ ಹಿಡಿದು, ನಿಗದಿಯಾದ ಛಾಯೆಗಿಂತ ತಿಳಿಯಾಗಿದ್ದರೆ ಮಾತ್ರ ಗೊಬ್ಬರ. ಒಂದು ಚೀಲದ ಬೆಲೆಯ ಮುಂದೆ ಇದರ ಬೆಲೆ ಲೆಕ್ಕಕ್ಕಿಲ್ಲ. ಆದರೂ ಇದನ್ನು ಇಟ್ಟುಕೊಂಡವರನ್ನು ನಾನು ಕಂಡದ್ದು ಅಪರೂಪ.

ವಿದ್ಯಾರ್ಥಿ ತಂದದ್ದು ಕೆಳಗಿನ ಎಲೆ. ಹಳದಿ ನಡುದಿಂಡಿನ ಗುಂಟ ಇಳಿದಿತ್ತು. ತಂದೆಯ ಊಹೆ ಸರಿಯೇ. ಆದರೆ ನಿಂತ ನೀರಿನಲ್ಲಿ ಬೇರಿಗೆ ಗಾಳಿಯಿಲ್ಲ. ಹಾಕಿದ ಸಾರಜನಕವೂ ಬಸಿದೋ ಅನಿಲವಾಗಿಯೋ ಹೋಗುತ್ತದೆ. ಮೊದಲು ಬಸಿಗಾಲುವೆ ತೆಗೆಯಿರಿ, ನೆಲ ಆರಿದ ಮೇಲೆ ಗೊಬ್ಬರ, ಎಂದೆ. ಮೂರು ವಾರದ ಬಳಿಕ ಹುಡುಗನು ಮತ್ತೆರಡು ಎಲೆಗಳನ್ನು ತಂದನು. ಮೇಲಿನದು ಹಸಿರಾಗಿತ್ತು, ಕೆಳಗಿನದು ಹಳದಿಯಾಗಿಯೇ ಒಣಗಿತ್ತು.