ಒಣ ನಾಡಿನ ಹಳೆ ಲೆನ್ಸು

ಹಳೆಯ ಲೆನ್ಸಿಗೆ ದೊಡ್ಡ ಶತ್ರು ಫಂಗಸ್. ಕರಾವಳಿಯ ಮಳೆಗಾಲವನ್ನು ಚರ್ಮದ ಕೇಸಿನೊಳಗೆ ಕಳೆದ ಲೆನ್ಸಿನ ಗಾಜಿಗೆ ಜೇಡನ ಎಳೆಯಂಥ ಬೂಷ್ಟು ಹಬ್ಬುವುದು ಮಾಮೂಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹವೆಯೇ ಬೇರೆ. ವಿಜಯಪುರ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 600 ಮಿ.ಮೀ. ಆಸುಪಾಸು, ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳು ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಜೋಳ ಬಿತ್ತಿದವರು ಶಪಿಸುವ ಈ ಒಣಹವೆ ಗಾಜಿಗೆ ಮಾತ್ರ ಹಿತ.

ಆದರೆ ಆ ಹಿತ ಬಹಳ ಕಾಲ ಯಾರ ಕೆಲಸಕ್ಕೂ ಬರಲಿಲ್ಲ. ರೀಲಿನ ಕಾಲದಲ್ಲಿ ಸಣ್ಣ ಊರುಗಳ ಸ್ಟುಡಿಯೊಗಳು ನಡೆದದ್ದು ನಿಕಾನ್ ಎಫ್‌ಎಂ10, ಪೆಂಟಾಕ್ಸ್ ಕೆ1000, ಯಾಶಿಕಾ, ರಷ್ಯದ ಝೆನಿತ್‌ಗಳಂಥ ಕ್ಯಾಮೆರಾಗಳ ಮೇಲೆ. ಡಿಜಿಟಲ್ ಬಂದಾಗ ಅವು ಕಪಾಟು ಸೇರಿದವು, ಜತೆಗೆ ಲೆನ್ಸುಗಳೂ. ಅವನ್ನು ಬೇರೆ ಕಂಪನಿಯ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಲು ಅಡ್ಡಿಯಾದದ್ದು ಕನ್ನಡಿ. ಡಿಎಸ್‌ಎಲ್‌ಆರ್‌ನೊಳಗೆ ಕನ್ನಡಿ ಏಳಲು ಜಾಗ ಬೇಕು, ಹಾಗಾಗಿ ಲೆನ್ಸು ಸೆನ್ಸರ್‌ನಿಂದ ದೂರ ಕೂರುತ್ತದೆ. ನಿಕಾನ್‌ನಲ್ಲಿ ಈ ದೂರ 46.5 ಮಿ.ಮೀ.; ಝೆನಿತ್‌ನ ತಿರುಪಿನ ಲೆನ್ಸಿಗೆ ಬೇಕಾದದ್ದು 45.46. ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ, ಅಷ್ಟೇ. ಆದರೆ ಅಷ್ಟಕ್ಕೇ ಎದುರಿನ ಮುಖ ಸ್ಪಷ್ಟವಾಗಿ ಬಂದರೂ ದೂರದ ಗುಡ್ಡ ಎಷ್ಟು ತಿರುಗಿಸಿದರೂ ಮಸುಕು.

ಮಿರರ್‌ಲೆಸ್ ಕ್ಯಾಮೆರಾ ಕನ್ನಡಿಯನ್ನೇ ತೆಗೆದುಹಾಕಿತು. ಸೋನಿ ಇ-ಮೌಂಟ್‌ನಲ್ಲಿ ಈ ದೂರ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಉಳಿದ ಜಾಗ ತುಂಬಲು ಒಂದು ಲೋಹದ ಉಂಗುರ ಸಾಕು. ಹಳೆಯ ನಿಕಾನ್ ಲೆನ್ಸನ್ನು ಸೋನಿಗೆ ಹಾಕುವ ಅಡಾಪ್ಟರ್‌ನ ದಪ್ಪ 28.5 ಮಿ.ಮೀ. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ, ಬರೀ ಪೊಳ್ಳು.

ಫುಲ್ ಫ್ರೇಮ್ ಸೆನ್ಸರ್‌ನ ಅಳತೆ 36×24 ಮಿ.ಮೀ., ರೀಲಿನ ಚೌಕಟ್ಟಿನದೇ ಅಳತೆ. ಆದ್ದರಿಂದ 50 ಎಂಎಂ ಲೆನ್ಸು ಇದರಲ್ಲಿ 50 ಆಗಿಯೇ ನೋಡುತ್ತದೆ. 2013ರ ಸೋನಿ ಎ7 ಈ ದಾರಿ ತೆರೆಯಿತು. 2020ರ ಎ7ಸಿ ಬ್ಯಾಟರಿ, ಕಾರ್ಡ್ ಸೇರಿ 509 ಗ್ರಾಂ. ಸಿಗ್ಮಾ ಎಫ್‌ಪಿ ಇನ್ನೂ ಹಗುರ, 422 ಗ್ರಾಂ. ಆದರೆ ಅದಕ್ಕೆ ವ್ಯೂಫೈಂಡರ್ ಇಲ್ಲ. ಏಪ್ರಿಲ್ ಮಧ್ಯಾಹ್ನದ ಸಿಂದಗಿ ಬಿಸಿಲಲ್ಲಿ ಹಿಂಬದಿಯ ಪರದೆ ನೋಡಿ ಕೈಯಾರೆ ಫೋಕಸ್ ಮಾಡುವುದು ಆಗದ ಮಾತು.

ಹಳೆಯ ಲೆನ್ಸನ್ನು ಮೊದಲ ಸಲ ಹಾಕಿದವರು ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗುವುದುಂಟು. ಲೆನ್ಸ್ ಇರುವುದೇ ಗೊತ್ತಾಗದೆ ಶಟರ್ ಬೀಳುವುದಿಲ್ಲ. ಲೆನ್ಸಿಲ್ಲದೆಯೂ ಕ್ಲಿಕ್ಕಿಸಲು ಮೆನುವಿನಲ್ಲಿ ಅನುಮತಿ ಕೊಡಬೇಕು. ಕೈನಡುಕ ತಡೆಯುವ ವ್ಯವಸ್ಥೆಗೂ ಇದು ಎಷ್ಟು ಎಂಎಂ ಲೆನ್ಸೆಂದು ನಾವೇ ಹೇಳಬೇಕು. ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಫೋಕಸ್ ಪೀಕಿಂಗ್ ಅಪರ್ಚರ್ ಪೂರ್ತಿ ತೆರೆದಾಗ ಸುಳ್ಳು ಹೇಳುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡುವುದೇ ನಂಬಿಕೆಯ ದಾರಿ.

ಹಿಗ್ಗಿಸಿ ನೋಡುವಷ್ಟು ಪುರುಸೊತ್ತು ಕೊಡುವ ವಸ್ತುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿದ ಶಿಲಾಮಂಟಪವಿದೆ. ಇಂಥ ಕೆತ್ತನೆಗೆ ಬೆಳಕು ಓರೆಯಾಗಿ ಬೀಳಬೇಕು, ಪ್ರತಿ ಅಕ್ಷರದ ಒಂದು ಅಂಚಿಗೆ ನೆರಳು ಹಿಡಿಯಬೇಕು. ಅಪರ್ಚರ್ ರಿಂಗನ್ನು ಎಫ್8ಕ್ಕೆ ತಿರುಗಿಸಿ ಕೆತ್ತನೆಯ ತಳಕ್ಕೆ ಫೋಕಸ್ ಕೂರಿಸಿದರೆ ಮೂವತ್ತು ವರ್ಷದ ಲೆನ್ಸೂ ಉಳಿಯ ಗುರುತನ್ನು ಬಿಡಿಸಿ ಕೊಡುತ್ತದೆ. ಕಲ್ಲಿನ ಮುಂದೆ ನಿಧಾನವಾಗಿ ಕ್ಯಾಮೆರಾ ಹೂಡುವುದು ಈ ಜಿಲ್ಲೆಗೆ ಹೊಸದೂ ಅಲ್ಲ. ಮುಂಬೈ ಸರ್ಕಾರ ನೇಮಿಸಿದ ಛಾಯಾಗ್ರಾಹಕ ಥಾಮಸ್ ಬಿಗ್ಸ್ 1855ರಲ್ಲೇ ಬಿಜಾಪುರದ (ಈಗಿನ ವಿಜಯಪುರದ) ಕಟ್ಟಡಗಳ ಚಿತ್ರ ತೆಗೆದಿದ್ದ.

ಭೌಗೋಳಿಕ ಸೂಚಿಕೆ ಪಡೆದ ಇಂಡಿ ಲಿಂಬೆಯ ತೋಟಕ್ಕೆ ಝೆನಿತ್ ಜತೆ ಬರುತ್ತಿದ್ದ ಹೆಲಿಯೋಸ್ 44-2 ಹೇಳಿಮಾಡಿಸಿದಂತಿದೆ. 58 ಎಂಎಂ, ಎಫ್2. ಎಲೆಗಳ ಸಂದಿನ ಬಿಸಿಲ ಚುಕ್ಕೆಗಳನ್ನು ಅದು ಹಣ್ಣಿನ ಸುತ್ತ ಸುಳಿಯಾಗಿ ತಿರುಗಿಸುತ್ತದೆ. ಹತ್ತು ಚಿತ್ರವಾದ ಮೇಲೆ ಆ ಸುಳಿ ಬೇಸರ ತರಿಸುತ್ತದೆ ಎಂಬುದೂ ನಿಜ.

ಲಗ್ನದ ಮಾತು ಬೇರೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಆಟೊಫೋಕಸ್ ಬಿಟ್ಟು ಉಂಗುರ ತಿರುಗಿಸುತ್ತ ನಿಂತವರಿಗೆ ಮುಂದಿನ ಆರ್ಡರ್ ಸಿಗುವುದು ಕಷ್ಟ. ಆದರೆ ಶ್ರಾವಣದಲ್ಲಿ ನಡೆಯುವ ಬಸವನ ಬಾಗೇವಾಡಿ ಜಾತ್ರೆಯ ಗದ್ದಲದಲ್ಲಿ ಇಂಥ ಹಳೆ ಲೆನ್ಸೇ ಆಟೊಫೋಕಸ್‌ಗಿಂತ ಚುರುಕು. 35 ಎಂಎಂ ಲೆನ್ಸನ್ನು ಎಫ್8ರಲ್ಲಿ ಮೂರು ಮೀಟರಿಗೆ ಇಟ್ಟರೆ ಸುಮಾರು ಎರಡರಿಂದ ಏಳು ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಆ ಲೆಕ್ಕವನ್ನು ಲೆನ್ಸಿನ ಕೊರಳ ಮೇಲೆಯೇ ಗೆರೆಗಳಲ್ಲಿ ಕೊರೆದಿರುತ್ತಾರೆ. ಫೋಕಸ್ ಮಾಡುವ ಪ್ರಮೇಯವೇ ಇಲ್ಲ, ಕ್ಲಿಕ್ಕಿಸುತ್ತ ಹೋಗಬಹುದು.

ಒಣಹವೆಗೂ ತಕರಾರುಗಳಿವೆ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಎರೆಮಣ್ಣಿನ ಧೂಳಿಗೆ ನೇರ ತೆರೆದುಕೊಳ್ಳುತ್ತದೆ. ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಕ್ಯಾನನ್ ಇಒಎಸ್ ಆರ್‌ನಂಥವು ಆ ಮಟ್ಟಿಗೆ ವಾಸಿ. ಬೇಸಿಗೆಯ ಕಾವಿಗೆ ಲೆನ್ಸಿನೊಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ ಎಣ್ಣೆ ಮೆತ್ತುವುದೂ ಉಂಟು. ಫಿಲ್ಮ್ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿದ ಕ್ಷಣದಲ್ಲೇ ಆ ಎಲೆಗಳು ಮುಚ್ಚಿಕೊಳ್ಳಬೇಕಿತ್ತು. ಎಣ್ಣೆ ಹಿಡಿದು ತಡವಾದರೆ ಚಿತ್ರ ಬೆಳ್ಳಗಾಗುತ್ತಿತ್ತು, ಲೆನ್ಸು ಮೂಲೆ ಸೇರುತ್ತಿತ್ತು. ಅಡಾಪ್ಟರ್ ಮೇಲೆ ಆ ಅವಸರವಿಲ್ಲ. ರಿಂಗ್ ತಿರುಗಿಸಿದಾಗಲೇ ಎಲೆಗಳು ತಮ್ಮ ಜಾಗಕ್ಕೆ ಬಂದು ನಿಂತಿರುತ್ತವೆ. ಎಣ್ಣೆ ಗಾಜಿಗೆ ಹಬ್ಬಿಲ್ಲದಿದ್ದರೆ, ಆಗ ಕೆಟ್ಟಿತೆಂದು ಎತ್ತಿಟ್ಟ ಲೆನ್ಸು ರಿಪೇರಿಯಿಲ್ಲದೆಯೇ ಈಗ ಕೆಲಸಕ್ಕೆ ಬಂದೀತು.