ಗಾಜಿನ ತೊಟ್ಟಿಯಲ್ಲಿ ಕಡಲು

ಬಣ್ಣಬಣ್ಣದ ಕಡಲ ಮೀನುಗಳು ಗಾಜಿನ ತೊಟ್ಟಿಯಲ್ಲಿ ಸುಳಿದಾಡುವ ನೋಟವು ಮಕ್ಕಳನ್ನೂ ಹಿರಿಯರನ್ನೂ ಸಮಾನವಾಗಿ ಆಕರ್ಷಿಸುತ್ತದೆ. ಅದನ್ನು ಕಂಡವರಲ್ಲಿ ಅನೇಕರಿಗೆ ತಮ್ಮ ಮನೆಯಲ್ಲಿಯೂ, ಶಾಲೆಯಲ್ಲಿಯೂ ಅಂತಹ ತೊಟ್ಟಿಯೊಂದಿರಬೇಕೆಂಬ ಆಸೆ ಮೂಡುವುದು ಸಹಜ. ಹೊಸ ತೊಟ್ಟಿಯನ್ನು ತಂದು, ಉಪ್ಪುನೀರನ್ನು ತುಂಬಿಸಿ, ಅದೇ ದಿನ ಸಂಜೆ ಮೀನುಗಳನ್ನು ಬಿಡುವವರೂ ಉಂಟು. ಮೊದಲ ಎರಡು ಮೂರು ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಮೀನುಗಳು ಆಹಾರವನ್ನು ಬಿಡುತ್ತವೆ; ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಡುತ್ತವೆ; ಕೊನೆಗೆ ಒಂದೊಂದಾಗಿ ಸಾಯುತ್ತವೆ. ನೀರಾದರೋ ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ. ಹಾಗಿದ್ದರೆ ತಿಳಿನೀರಿನಲ್ಲಿ ಮೀನು ಸತ್ತದ್ದೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಿಯದೆ ಕಡಲ ಮೀನನ್ನು ಸಾಕಲು ಹೊರಡುವುದು ಆ ಜೀವಿಗಳಿಗೆ ಮಾಡುವ ಅನ್ಯಾಯವೇ ಸರಿ.

ಕಣ್ಣಿಗೆ ಕಾಣದ ವಿಷ

ಮೀನು ತಾನು ತಿಂದ ಆಹಾರದಲ್ಲಿನ ಸಾರಜನಕದ ಬಹುಭಾಗವನ್ನು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರವೂ ಮಲವೂ ಕೊಳೆತು ಮತ್ತಷ್ಟು ಅಮೋನಿಯಾವನ್ನು ಕೊಡುತ್ತವೆ. ಅಪಾರವಾದ ಸಮುದ್ರದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ನೂರು ಲೀಟರು ನೀರಿನ ತೊಟ್ಟಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ದಿನದಿಂದ ದಿನಕ್ಕೆ ನೀರಿನಲ್ಲಿಯೇ ಕೂಡುತ್ತ ಹೋಗುತ್ತದೆ.

ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಅಯಾನಿನಿಂದ ಮೀನಿಗೆ ಹೆಚ್ಚು ಕೇಡಿಲ್ಲ. ಸ್ವತಂತ್ರ ಅಮೋನಿಯಾ ಮಾತ್ರ ಕಿವಿರುಗಳನ್ನು ಘಾಸಿಗೊಳಿಸುವ ಘೋರ ವಿಷ. ಇವೆರಡರ ಪ್ರಮಾಣವು ನೀರಿನ ಪಿ.ಎಚ್. ಮೌಲ್ಯವನ್ನು ಅವಲಂಬಿಸಿದೆ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪಿ.ಎಚ್. ೭ ಇರುವ ಸಿಹಿನೀರಿನಲ್ಲಿ ಒಟ್ಟು ಅಮೋನಿಯಾದ ನೂರರಲ್ಲಿ ಅರ್ಧ ಭಾಗದಷ್ಟು ಮಾತ್ರ ಈ ವಿಷರೂಪದಲ್ಲಿರುತ್ತದೆ. ಕಡಲ ನೀರಿನ ಪಿ.ಎಚ್. ಸುಮಾರು ೮.೨. ಅಲ್ಲಿ ಇದು ನೂರರಲ್ಲಿ ಆರೇಳು ಭಾಗಕ್ಕೆ, ಎಂದರೆ ಹತ್ತು ಪಟ್ಟಿಗೂ ಮಿಗಿಲಾಗಿ ಏರುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ದಕ್ಕಿಹೋಗುವ ಅವಸರವು ಕಡಲ ತೊಟ್ಟಿಯಲ್ಲಿ ದಕ್ಕದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ತಂದೆ ಬಿಟ್ಟ ಗಂಟನ್ನು ಬಿಡಿಸಿದ ಮಗ

ಮುಚ್ಚಿದ ತೊಟ್ಟಿಯಲ್ಲಿ ಜೀವಿಗಳನ್ನು ಬಾಳಿಸುವ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಬಲಗೊಂಡಿತು. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯೊಂದರಲ್ಲಿ ಹೊನ್ನಮೀನು, ನೀರುಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇರಿಸಿ, ಅವು ಪರಸ್ಪರ ಆಶ್ರಯದಿಂದ ಬದುಕಬಲ್ಲವೆಂಬುದನ್ನು ೧೮೫೦ರಲ್ಲಿ ವರದಿ ಮಾಡಿದನು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಅದಕ್ಕೆ ದುಡಿದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ಕಡಲ ತೊಟ್ಟಿಗಳನ್ನು ಕುರಿತು ಗ್ರಂಥವನ್ನೇ ಬರೆದನು.

ಸಸ್ಯವು ಆಮ್ಲಜನಕವನ್ನು ಕೊಡುತ್ತದೆ, ಪ್ರಾಣಿಯು ಇಂಗಾಲಾಮ್ಲವನ್ನು ಕೊಡುತ್ತದೆ ಎಂಬ ಸಮತೋಲವು ವಾರಿಂಗ್ಟನ್‌ಗೆ ಗೋಚರಿಸಿತ್ತು. ಆದರೆ ಸಾರಜನಕದ ದಾರಿ ಆಗಿನ್ನೂ ಕತ್ತಲೆಯಲ್ಲಿತ್ತು. ಅಮೋನಿಯಾ ನೈಟ್ರೇಟಾಗಿ ಮಾರ್ಪಡುವುದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂಬುದನ್ನು ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ತೋರಿಸಿದರು. ಮರಳಿನ ಮೂಲಕ ಕೊಳಚೆ ನೀರು ಹಾಯುವಾಗ ನಡೆಯುತ್ತಿದ್ದ ಈ ಮಾರ್ಪಾಡು ಕ್ಲೋರೋಫಾರಂ ಆವಿ ತಾಗಿದೊಡನೆ ನಿಂತುಹೋದುದು ಅವರ ಸಾಕ್ಷ್ಯವಾಗಿತ್ತು. ಈ ಕಾರ್ಯವು ಎರಡು ಹಂತಗಳಲ್ಲಿ ಸಾಗುತ್ತದೆ ಎಂಬುದನ್ನು ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷಿಸುತ್ತಿದ್ದ ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್ ಕಂಡುಕೊಂಡನು. ಅವನು ಹಿಂದೆ ಹೇಳಿದ ವಾರಿಂಗ್ಟನ್ನನ ಮಗ. ತಂದೆಯ ತೊಟ್ಟಿಯ ಗಂಟನ್ನು ಮಗನು ಹೊಲದ ಮಣ್ಣಿನಲ್ಲಿ ಬಿಡಿಸಿದಂತಾಯಿತು. ೧೮೯೦ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಈ ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಬೆಳೆಸಿದನು.

ಇತ್ತೀಚಿನ ಸಂಶೋಧನೆಗಳು ಈ ಚಿತ್ರವನ್ನು ಇನ್ನಷ್ಟು ವಿಸ್ತರಿಸಿವೆ. ಅಮೋನಿಯಾವನ್ನು ಉಂಡು ಬದುಕುವ ಆರ್ಕಿಯಾ ವರ್ಗದ ಜೀವಿಯೊಂದನ್ನು ಅಮೆರಿಕದ ಸಿಯಾಟಲ್ ಮತ್ಸ್ಯಾಲಯದ ಕಡಲ ತೊಟ್ಟಿಯ ಜಲ್ಲಿಯಿಂದ ಬೇರ್ಪಡಿಸಿದ ಸಂಗತಿ ೨೦೦೫ರಲ್ಲಿ ಪ್ರಕಟವಾಯಿತು. ‘ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್’ ಎಂಬುದು ಅದರ ಹೆಸರು. ಇದರ ಬಂಧುಗಳು ಮಹಾಸಾಗರಗಳಲ್ಲೆಲ್ಲ ಅಪಾರ ಸಂಖ್ಯೆಯಲ್ಲಿರುವುದು ತಿಳಿದುಬಂದಿದೆ. ಮೀನಿನ ತೊಟ್ಟಿಯ ಜಲ್ಲಿಯು ಸಾಗರದ ಒಂದು ದೊಡ್ಡ ರಹಸ್ಯವನ್ನು ತಿಳಿಸಿತು.

ಚಕ್ರದ ನಡೆ

ಹದಗೊಂಡ ತೊಟ್ಟಿಯಲ್ಲಿ ನಡೆಯುವುದು ಇಷ್ಟು. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ಆದರೆ ಕಡಲ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡು ಅದು ಕಿವಿರುಗಳ ಮೂಲಕ ಒಳಹೋಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ನೈಟ್ರೇಟಿನಿಂದ ಮೀನಿಗೆ ಬೇಗನೆ ಅಪಾಯವಿಲ್ಲ. ಅದರಲ್ಲಿ ಒಂದು ಭಾಗವನ್ನು ಪಾಚಿಯು ಹೀರುತ್ತದೆ. ರಂಧ್ರಗಳುಳ್ಳ ಕಲ್ಲಿನ ಒಳಗೆ, ಆಮ್ಲಜನಕವು ತಲಪದ ಕಡೆ ಇರುವ ಬೇರೆ ಸೂಕ್ಷ್ಮಜೀವಿಗಳು ಮತ್ತೊಂದು ಭಾಗವನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಉಳಿದುದನ್ನು ನೀರು ಬದಲಿಸಿ ತೆಗೆಯಬೇಕಾಗುತ್ತದೆ.

ಈ ಸೂಕ್ಷ್ಮಜೀವಿಗಳು ನಿಧಾನಗತಿಯವು. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಇವುಗಳಿಗೆ ಅರ್ಧ ದಿನದಿಂದ ಒಂದು ದಿನ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಸಾವಿರ ಪಟ್ಟು ಬೆಳೆಯಲು ಹತ್ತು ಇಮ್ಮಡಿಗಳು ಸಾಕೆಂದು ಗಣಿತ ಹೇಳುತ್ತದೆ. ಮೊದಲನೆಯದಕ್ಕೆ ಅದು ಮೂರೂವರೆ ಗಂಟೆಯೊಳಗಿನ ಕೆಲಸ. ಎರಡನೆಯದಕ್ಕೆ ಹತ್ತು ದಿನಗಳ ಕೆಲಸ. ಹೊಸ ತೊಟ್ಟಿಗೆ ನಾಲ್ಕರಿಂದ ಆರು ವಾರಗಳ ಕಾಯುವಿಕೆ ಏಕೆ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಿದ್ಧತೆಯ ಕ್ರಮ

ನೂರು ಲೀಟರಿನ ತೊಟ್ಟಿಯ ನೀರೇ ನೂರು ಕಿಲೋಗ್ರಾಮಿಗೂ ಮಿಗಿಲಾದ ಭಾರ. ಆದುದರಿಂದ ಮಟ್ಟಸವಾದ, ಬಲವಾದ ಪೀಠವು ಅವಶ್ಯ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಟ್ಟರೆ ನೀರು ಕಾಯುತ್ತದೆ, ಪಾಚಿ ಹಬ್ಬುತ್ತದೆ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುವುದರಿಂದ ಶುದ್ಧೀಕರಿಸಿದ ನೀರನ್ನೇ ಬಳಸತಕ್ಕದ್ದು. ಅಡುಗೆಯ ಉಪ್ಪು ಇಲ್ಲಿ ಸಲ್ಲದು. ಅದರಲ್ಲಿ ಸೋಡಿಯಂ ಕ್ಲೋರೈಡೇ ಪ್ರಧಾನ. ಸಮುದ್ರದಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವೆಲ್ಲ ಸೇರಿರುವ ಕಡಲುಪ್ಪಿನ ಮಿಶ್ರಣವು ಅಂಗಡಿಗಳಲ್ಲಿ ದೊರೆಯುತ್ತದೆ. ನೂರು ಲೀಟರಿಗೆ ಸುಮಾರು ಮೂರೂವರೆ ಕಿಲೋಗ್ರಾಂ ಬೇಕು. ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನ ಚೆನ್ನಾಗಿ ಕದಡಿ, ೨೫ ಡಿಗ್ರಿ ಉಷ್ಣತೆಯಲ್ಲಿ ಅದರ ಸಾಪೇಕ್ಷ ಸಾಂದ್ರತೆಯು ೧.೦೨೫ರ ಸುಮಾರಿಗೆ ಇದೆಯೇ ಎಂದು ಹೈಡ್ರೋಮೀಟರಿನಿಂದ ನೋಡಬೇಕು. ಕರಾವಳಿಯವರು ದಡದ ನೀರನ್ನೇ ತರಬಹುದೆಂದು ಭಾವಿಸುವುದುಂಟು. ಆದರೆ ಮಳೆಗಾಲದಲ್ಲಿ ಹೊಳೆಗಳ ನೀರು ಸೇರಿ ಅದರ ಉಪ್ಪು ಇಳಿದಿರುತ್ತದೆ. ಊರಿನ ಕೊಳಚೆಯೂ ಬೆರೆತಿರಬಹುದು.

ತೊಟ್ಟಿಯ ನೀರು ಆರಿದಾಗ ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆದಕಾರಣ ತಗ್ಗಿದ ಮಟ್ಟವನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು. ಇಲ್ಲಿ ಉಪ್ಪುನೀರನ್ನು ಹಾಕಿ ಕೆಟ್ಟವರು ಬಹಳ ಮಂದಿ.

ಇನ್ನು ಸೂಕ್ಷ್ಮಜೀವಿಗಳಿಗೆ ನೆಲೆ ಬೇಕು, ಉಸಿರು ಬೇಕು, ಆಹಾರ ಬೇಕು. ರಂಧ್ರಗಳುಳ್ಳ ಕಲ್ಲು ಮತ್ತು ಮರಳು ನೆಲೆಯಾಗುತ್ತವೆ. ನೀರನ್ನು ಸದಾ ಚಲಿಸುವ ಪಂಪು ಉಸಿರನ್ನು ಕೊಡುತ್ತದೆ. ಒಂದು ಗ್ರಾಂ ಅಮೋನಿಯಾ-ಸಾರಜನಕವು ನೈಟ್ರೇಟಾಗಲು ನಾಲ್ಕು ಗ್ರಾಮಿಗೂ ಹೆಚ್ಚು ಆಮ್ಲಜನಕವು ವೆಚ್ಚವಾಗುತ್ತದೆ. ವಿದ್ಯುತ್ತು ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪೊಂದನ್ನು ಸಿದ್ಧವಾಗಿಡುವುದು ಒಳಿತು. ಆಹಾರಕ್ಕಾಗಿ ಹಿಂದೆ ಗಟ್ಟಿ ಜೀವದ ಡ್ಯಾಮ್ಸೆಲ್ ಮೀನುಗಳನ್ನು ಮೊದಲು ಬಿಡುವ ರೂಢಿಯಿತ್ತು. ಅವು ವಿಷದಲ್ಲಿ ಬೆಂದು ಮುಂದಿನವರಿಗೆ ದಾರಿ ಮಾಡಿಕೊಡುತ್ತಿದ್ದವು. ಈಗ ಅಂತಹ ಹಿಂಸೆಗೆ ಕಾರಣವೇ ಇಲ್ಲ. ಕಲಾಯಿ ಹಾಕುವವರು ಬಳಸುವ ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಪ್ರಯೋಗಾಲಯಕ್ಕೆ ಬಳಸುವ ಶುದ್ಧ ಅಮೋನಿಯಂ ಕ್ಲೋರೈಡನ್ನು ನೂರು ಲೀಟರಿಗೆ ೦.೬ ಗ್ರಾಂ ಹಾಕಿದರೆ ಲೀಟರಿಗೆ ೨ ಮಿಲಿಗ್ರಾಮಿನಷ್ಟು ಅಮೋನಿಯಾ ದೊರೆಯುತ್ತದೆ. ರೋಗವಿಲ್ಲದ ಹಳೆಯ ತೊಟ್ಟಿಯ ಒಂದು ಹಿಡಿ ಮರಳನ್ನು ಇದಕ್ಕೆ ಸೇರಿಸಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸವು ಬೇಗ ಸಾಗುತ್ತದೆ.

ಆಮೇಲೆ ಪರೀಕ್ಷಾ ದ್ರಾವಣಗಳಿಂದ ಎರಡು ದಿನಗಳಿಗೊಮ್ಮೆ ನೀರನ್ನು ಪರೀಕ್ಷಿಸಿ ಬರೆದಿಡಬೇಕು. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟು ಏರಿ, ಕೆಲಕಾಲ ನಿಂತು, ಅದೂ ಇಳಿಯುತ್ತದೆ, ನೈಟ್ರೇಟು ಏರುತ್ತದೆ. ನಡುವೆ ಕಲ್ಲಿನ ಮೇಲೆ ಕಂದು ಪಾಚಿ ಹಬ್ಬಿದರೆ ಗಾಬರಿಪಡಬೇಕಾಗಿಲ್ಲ. ಮತ್ತೊಮ್ಮೆ ೨ ಮಿಲಿಗ್ರಾಮಿನ ಪ್ರಮಾಣದಲ್ಲಿ ಅಮೋನಿಯಾ ಹಾಕಿ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಗಿಳಿದರೆ ತೊಟ್ಟಿ ಹದಗೊಂಡಿತೆಂದು ತಿಳಿಯಬಹುದು. ಆಗ ನೀರಿನ ಬಹುಭಾಗವನ್ನು ಬದಲಿಸಿ ನೈಟ್ರೇಟನ್ನು ತಗ್ಗಿಸಬೇಕು.

ಕಡಲಿಗೆ ಕೊಡಬೇಕಾದ ಗೌರವ

ಹವಳದ ದಿಬ್ಬಗಳಿಂದ ಕಲ್ಲನ್ನು ಕಿತ್ತು ತಂದರೆ ಸೂಕ್ಷ್ಮಜೀವಿಗಳು ತಾವಾಗಿ ಬರುತ್ತವೆ ಎಂಬುದು ನಿಜ. ಆದರೆ ನಮ್ಮ ದೇಶದಲ್ಲಿ ಕಲ್ಲುಹವಳಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ೨೦೦೧ರಿಂದ ಅತ್ಯುನ್ನತ ರಕ್ಷಣೆಯನ್ನು ಪಡೆದಿವೆ. ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲೂ ಇಂತಹ ಹವಳಗಳುಂಟು. ಅವುಗಳನ್ನು ಮುಟ್ಟದೆ ಕೃತಕ ಕಲ್ಲಿನಲ್ಲಿಯೇ ಕಾರ್ಯಸಾಧನೆ ಮಾಡಬಹುದು. ಮೀನಿನ ವಿಷಯದಲ್ಲಿಯೂ ಸಾಕಣೆಯಲ್ಲಿ ಹುಟ್ಟಿದುದನ್ನೇ ಆರಿಸುವುದು ಲೇಸು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ಮರಿಮಾಡಿಸುವ ವಿಧಾನವನ್ನು ರೂಪಿಸಿದೆ.

ಮೊದಲಿಗೆ ಒಂದೆರಡು ಸಣ್ಣ ಮೀನುಗಳು ಸಾಕು. ಸೂಕ್ಷ್ಮಜೀವಿಗಳ ಸಂಖ್ಯೆಯು ದೊರೆಯುವ ಆಹಾರಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಒಮ್ಮೆಗೇ ಹತ್ತು ಮೀನುಗಳನ್ನು ಬಿಟ್ಟರೆ ಹದಗೊಂಡ ತೊಟ್ಟಿಯೂ ತಡೆಯಲಾರದು. ಒಂದು ಜೋಡಿಗೂ ಮುಂದಿನದಕ್ಕೂ ನಡುವೆ ಕೆಲವು ವಾರಗಳ ಅಂತರವಿರಲಿ.

ನಲವತ್ತು ದಿನ ಬರಿದಾಗಿ ಕಾಣುವ ತೊಟ್ಟಿಯ ಮುಂದೆ ಕುಳಿತು ಅಂಕಿಗಳನ್ನು ಬರೆಯುವುದು ವಿದ್ಯಾರ್ಥಿಗೆ ಬೇಸರದ ಕೆಲಸವೆನಿಸಬಹುದು. ಆದರೆ ಆ ದಿನಗಳಲ್ಲಿ ತೊಟ್ಟಿ ಬರಿದಾಗಿರುವುದಿಲ್ಲ; ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅಲ್ಲಿ ನೆಲೆಗೊಳ್ಳುತ್ತಿರುತ್ತವೆ. ಮೀನಿಗೆ ತನ್ನ ನೀರನ್ನು ತಾನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಅದನ್ನು ಕಡಲಿನಿಂದ ದೂರವಿಟ್ಟವನೇ ಅದಕ್ಕೆ ಬದುಕಬಲ್ಲ ನೀರನ್ನು ಮೊದಲು ಸಿದ್ಧಪಡಿಸಬೇಕು. ಅಷ್ಟು ದಿನ ಕಾಯಲಾರದವನು ತೊಟ್ಟಿಯ ಆಸೆಯನ್ನು ಬಿಡುವುದೇ ಮೇಲು.